ಒಂದೇ ಬೆಟ್ಟ, ನಾಲ್ಕು ಕಥೆ: ಅಬ್ರಹಾಮನ ಕಥೆಯನ್ನು ಯಾರಿಂದ ಹೇಳಿಸೋದು?

ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 22ನೇ ಅಧ್ಯಾಯವನ್ನು ನಾನು ನಾಲ್ಕು ಸಲ ಕಥೆಯಾಗಿ ಬರೆದಿದ್ದೇನೆ. ಅಬ್ರಹಾಮ ತನ್ನ ಮಗ ಇಸಾಕನನ್ನು ಬಲಿ ಕೊಡಲು ಮೊರೀಯ ದೇಶದ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಾನಲ್ಲ, ಕೊನೆ ಗಳಿಗೆಯಲ್ಲಿ ದೇವದೂತ ತಡೆದು ಮಗನ ಬದಲು ಟಗರು ಬಲಿಯಾಗುತ್ತದಲ್ಲ, ಅದೇ ಕಥೆ. ಮೂಲದಲ್ಲಿ ಬರೀ 19 ವಚನ. ಮೂರನೇ ದಿನ ದೂರದಲ್ಲಿ ಆ ಜಾಗ ಕಣ್ಣಿಗೆ ಬೀಳುತ್ತದೆ. ಅಲ್ಲಿಯವರೆಗೆ ದಾರಿಯಲ್ಲಿ ಅಪ್ಪ ಮಗ ಏನು ಮಾತಾಡಿದರು ಅಂತ ಒಂದಕ್ಷರ ಇಲ್ಲ. ಇಷ್ಟು ಖಾಲಿ ಜಾಗ ಕಂಡರೆ ಬರೆಯುವವರ ಕೈ ಸುಮ್ನೆ ಇರುತ್ತಾ?

ಮೊದಲು ಕಥೆಯನ್ನು ಇವತ್ತಿನ ಕಾಲಕ್ಕೆ ಎಳೆದೆ. ಅಪ್ಪ, ಮಗ, ಒಂದು ಕಾರು. ಎರಡನೇ ಪುಟಕ್ಕೇ ಕೆಟ್ಟಿತು. ದೇವರ ದನಿ ಕೇಳಿಸಿತು ಅಂತ ಮಗನನ್ನು ಕಾರಲ್ಲಿ ಕೂರಿಸಿಕೊಂಡು, ಹಿಂದೆ ಚಾಕು ಇಟ್ಟುಕೊಂಡು ಹೊರಟ ಮನುಷ್ಯನನ್ನು ನೋಡಿದ ಓದುಗ ಮೊದಲು ಪೊಲೀಸರಿಗೆ ಫೋನ್ ಮಾಡಿ ಅಂತಾನೆ. ತಪ್ಪೇನಿಲ್ಲ. ಮೂಲದಲ್ಲಿ ಇದು ದೇವರ ಪರೀಕ್ಷೆ ಅಂತ ಮೊದಲ ವಚನದಲ್ಲೇ ನಮಗೆ ಹೇಳಿಬಿಟ್ಟಿದೆ, ಗೊತ್ತಿಲ್ಲದಿರೋದು ಅಬ್ರಹಾಮನಿಗೆ ಮಾತ್ರ. ಅದನ್ನು ತೆಗೆದರೆ ಉಳಿಯೋದು ಒಂದು ಕ್ರಿಮಿನಲ್ ಕೇಸು. ಅಣ್ಣ ತಮ್ಮನನ್ನು ಕೊಲ್ಲುವ ಕಾಯಿನ ಹೇಬೆಲರ ಕಥೆಗಾದರೆ ಈ ದಾರಿ ಒಗ್ಗುತ್ತದೆ, ಅಣ್ಣನ ಹೊಟ್ಟೆಕಿಚ್ಚು ಯಾವ ಕಾಲದಲ್ಲಿಟ್ಟರೂ ನಡೆಯುತ್ತೆ.

ಎರಡನೆಯದು ಇಸಾಕನೇ 'ನಾನು' ಅಂತ ಹೇಳುವ ಕಥೆ. ಮೂರು ರಾತ್ರಿಯಲ್ಲಿ ಹದಿನಾಲ್ಕು ಪುಟ ಸಲೀಸಾಗಿ ಬಂತು. ಅಷ್ಟು ಸಲೀಸಾಗಿ ಬಂದಾಗಲೇ ಅನುಮಾನ ಪಡಬೇಕಿತ್ತು. ಮೊದಲ ತಲೆನೋವು ಅವನ ವಯಸ್ಸು. ಮಗ ಹುಟ್ಟುವ ಮಾತು ಬಂದಾಗ ಅವನ ತಾಯಿ ಸಾರಳಿಗೆ 90, ಮುಂದಿನ ಅಧ್ಯಾಯದಲ್ಲಿ ಅವಳು ಸಾಯುವಾಗ 127. ಈ ಲೆಕ್ಕ ಹಿಡಿದು ಯೆಹೂದಿ ಪರಂಪರೆಯಲ್ಲಿ ಇಸಾಕನಿಗೆ ಆಗ 37 ಅನ್ನುವವರಿದ್ದಾರೆ. 37ರ ಗಂಡಸು ಮುದುಕ ಅಪ್ಪನ ಕೈಲಿ ಸುಮ್ಮನೆ ಕಟ್ಟಿಸಿಕೊಂಡ ಅಂದರೆ ಅದು ಬೇರೆಯೇ ಕಥೆ, ಅಲ್ವಾ? ನಾನು ಹನ್ನೆರಡು ಅಂತ ಇಟ್ಟುಕೊಂಡೆ. ಹೆಗಲ ಮೇಲಿನ ಸೌದೆ, ಅದರ ತೊಗಟೆ ಕುತ್ತಿಗೆಗೆ ಉಜ್ಜೋದು, ಅಪ್ಪನ ಕೈಯಲ್ಲಿ ಬೆಂಕಿ ಮತ್ತು ಕತ್ತಿ, ಅಲ್ಲಿಯವರೆಗೆ ಚೆನ್ನಾಗಿತ್ತು. ಆಮೇಲೆ ಹುಡುಗ ತನಗೆ ಏನೇನು ಅನಿಸಿತು ಅಂತ ಹೇಳೋಕೆ ಶುರು ಮಾಡಿದ, ನಿಲ್ಲಿಸಲೇ ಇಲ್ಲ.

ಇನ್ನೊಂದು ಎಡವಟ್ಟನ್ನೂ ಹೇಳಿಬಿಡ್ತೇನೆ. ಹೀಬ್ರೂ ಮೂಲದಲ್ಲಿ ಅಬ್ರಹಾಮ ಒಂದೇ ಪದವನ್ನು ಮೂರು ಸಲ ಆಡುತ್ತಾನೆ, 'ಇಗೋ, ಇದ್ದೇನೆ' ಅನ್ನುವ ಅರ್ಥದ್ದು. ದೇವರು ಕರೆದಾಗ ಒಮ್ಮೆ, ಮಗ ಕರೆದಾಗ ಒಮ್ಮೆ, ಕೊನೆಗೆ ದೂತ ಕೂಗಿದಾಗ ಒಮ್ಮೆ. ನಾನು ಮಾತು ಸಹಜವಾಗಿರಲಿ ಅಂತ ಮಗ ಕರೆದಾಗ ಅಬ್ರಹಾಮನಿಂದ 'ಏನಪ್ಪಾ' ಅಂತ ಹೇಳಿಸಿದ್ದೆ. ಸಹಜವೇನೋ ಆಯಿತು. ಆದರೆ ದೇವರಿಗೆ ಕೊಟ್ಟ ಉತ್ತರವನ್ನೇ ಮಗನಿಗೂ ಕೊಡುವ ಅಪ್ಪ ಕಳೆದುಹೋದ.

ಮೂರನೆಯದು ಸಾರಳ ಕಥೆ. ಈ ಅಧ್ಯಾಯದಲ್ಲಿ ಅವಳ ಹೆಸರೇ ಬರೋದಿಲ್ಲ, ಅದಕ್ಕೇ ಆಸೆಯಾಯಿತು. ನನ್ನ ಸಾರ ಐದು ಪುಟ ಸಿಟ್ಟಿನ ಭಾಷಣ ಮಾಡಿದಳು. ಹಿಂದಿನ ಅಧ್ಯಾಯದಲ್ಲಿ ದಾಸಿ ಹಾಗರಳನ್ನೂ ಅವಳ ಮಗನನ್ನೂ ಮನೆಯಿಂದ ಹೊರಗೆ ಹಾಕಿಸಿದವಳು ತಾನೇ ಅನ್ನೋದು ಅವಳಿಗೆ ನೆನಪೇ ಇರಲಿಲ್ಲ. ಎರಡು ವಾರ ಬಿಟ್ಟು ಓದಿದಾಗ ಗೊತ್ತಾಯಿತು, ಮಾತಾಡ್ತಿದ್ದದ್ದು ಅವಳಲ್ಲ, ನಾನು. ಎತ್ತಿಟ್ಟೆ.

ನಿಂತದ್ದು ನಾಲ್ಕನೆಯದು. ಅಬ್ರಹಾಮನ ಜೊತೆ ಇಬ್ಬರು ಆಳುಗಳು ಹೋಗಿರುತ್ತಾರೆ. ಕತ್ತೆ ನೋಡಿಕೊಂಡು ಇಲ್ಲೇ ಇರಿ, ನಾವು ಆರಾಧನೆ ಮಾಡಿ ವಾಪಸ್ ಬರ್ತೇವೆ ಅಂತ ಹೇಳಿ ಅಪ್ಪ ಮಗ ಮುಂದೆ ಹೋಗುತ್ತಾರೆ. ನಾನು ಆ ಇಬ್ಬರಲ್ಲಿ ಚಿಕ್ಕವನನ್ನು ಹಿಡಿದೆ. ಅವನಿಗೆ ಏನೂ ಗೊತ್ತಿಲ್ಲ. ಬಲಿ ಕೊಡೋಕೆ ಕುರಿ ತಂದಿಲ್ಲ ಅನ್ನೋದು ಮಾತ್ರ ಗೊತ್ತು. ಕತ್ತೆಯ ಬೆನ್ನಲ್ಲಿ ಸೌದೆ ಉಜ್ಜಿ ಕೂದಲು ಹೋದ ಜಾಗಕ್ಕೆ ಎಣ್ಣೆ ಸವರುತ್ತಾ ಕೂತಿರುವಾಗ ಮೇಲೆ ಹೊಗೆ ಕಾಣುತ್ತದೆ. ಅದು ಪೊದೆಗೆ ಕೊಂಬು ಸಿಕ್ಕಿಕೊಂಡಿದ್ದ ಟಗರಿನ ಹೊಗೆ ಅಂತ ಓದುಗನಿಗೆ ಗೊತ್ತು. ಆಳಿಗೆ ಗೊತ್ತಿಲ್ಲ. ಇನ್ನು 19ನೇ ವಚನ ನೋಡಿ, ಅಬ್ರಹಾಮ ಆಳುಗಳ ಹತ್ತಿರ ವಾಪಸ್ ಬಂದ, ಎಲ್ಲರೂ ಜೊತೆಯಾಗಿ ಬೇರ್ಷೆಬಕ್ಕೆ ಹೋದರು. ಇಸಾಕನ ಹೆಸರೇ ಇಲ್ಲ! ಯಜಮಾನ್ರು 'ಬರ್ತೇವೆ' ಅಂದಿದ್ರು, 'ಬರ್ತೇನೆ' ಅಂದಿರಲಿಲ್ಲ ಅಂತ ಆಳು ಲೆಕ್ಕ ಹಾಕುತ್ತಾ ಕತ್ತೆಯ ಹಗ್ಗ ಬಿಚ್ಚುತ್ತಾನೆ. ಕೇಳುವ ಧೈರ್ಯ ಇಲ್ಲ. ನಾನು ಅಲ್ಲಿಗೇ ನಿಲ್ಲಿಸಿದೆ. ಆರು ಪುಟ. ಈ ಕಥೆಯನ್ನು ಚಿಕ್ಕಂದಿನಿಂದ ಬಾಯಿಪಾಠ ಮಾಡಿರುವ ನನ್ನ ತಂಗಿ ಓದಿ ಮುಗಿಸಿ, "ಹುಡುಗ ಬಂದ್ನೋ ಇಲ್ವೋ?" ಅಂತ ಕೇಳಿದಳು.

ಇದರಲ್ಲೂ ಕೊರತೆ ಇದೆ. ಬೆಟ್ಟದ ಮೇಲಿನದು ಏನೂ ಕಾಣಲ್ಲ, ಮೂಲ ಕಥೆ ಗೊತ್ತಿಲ್ಲದವರಿಗೆ ಕತ್ತೆ ಕಾಯುವ ಹುಡುಗನ ದಿನಚರಿ ಅನಿಸುತ್ತೆ. ಒಬ್ಬ ಸ್ನೇಹಿತ ಹಾಗೇ ಅಂದ. ಕಾದಂಬರಿಯಷ್ಟು ಉದ್ದಕ್ಕೂ ಇದು ಎಳೆಯೋಲ್ಲ. ಉದ್ದ ಬೇಕು ಅಂದರೆ ಸಾರಳ ಕರಡನ್ನೇ ಮತ್ತೆ ತೆಗೆಯಬೇಕು. ಅಬ್ರಹಾಮ ಬೇರ್ಷೆಬದಲ್ಲಿ ಉಳಿದುಕೊಂಡ ಅಂತ ಮೂಲ ಕಥೆ ಮುಗಿಯುತ್ತದೆ, ಆದರೆ ಅವಳು ಸಾಯೋದು ಹೆಬ್ರೋನಿನಲ್ಲಿ, ಅವನು ಅಳೋಕೆ ಅಲ್ಲಿಗೆ ಬರುತ್ತಾನೆ. ಅವಳು ಯಾವಾಗ, ಯಾಕೆ ಅಲ್ಲಿಗೆ ಹೋದಳು? ಈ ಸಲ ಭಾಷಣ ಬಿಟ್ಟು ಅಲ್ಲಿಂದ ಶುರು ಮಾಡ್ತೇನೆ.