ಜಿಗಾಂಟಿ, ಕಾಪೋ ಫೆರ್ರೋ, ಫಾಬ್ರಿಸ್: ರೇಪಿಯರ್ ಕಲಿಸಲು ಯಾರ ಪಾಠ?

ಹೊಸಬರಿಗೆ ಇಟಲಿಯ ರೇಪಿಯರ್ (ಇರಿಯಲೆಂದೇ ಇರುವ ಉದ್ದ, ತೆಳು ಕತ್ತಿ) ವರಸೆ ಕಲಿಸುವುದಾದರೆ ನಿಕೊಲೆಟ್ಟೊ ಜಿಗಾಂಟಿಯನ್ನೇ ಹಿಡಿಯಿರಿ. ಜಿಗಾಂಟಿ, ಕಾಪೋ ಫೆರ್ರೋ, ಫಾಬ್ರಿಸ್, ಈ ಮೂವರು ಹಳೇ ಇಟಲಿ ಗುರುಗಳ ಪಾಠಗಳನ್ನೂ ನಮ್ಮ ಭಾನುವಾರದ ತರಗತಿಯಲ್ಲಿ ಮಾಡಿಸಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ಜಿಗಾಂಟಿಯ ಪುಸ್ತಕ 1606ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಮೊದಲು ಒಂಟಿ ಕತ್ತಿ, ಆಮೇಲೆ ಕತ್ತಿ ಜೊತೆ ಬಾಕು. ಒಂದು ಪಾಠ ಗಟ್ಟಿಯಾದರೆ ಅದರ ಮೇಲೇ ಇನ್ನೊಂದನ್ನು ಕೂರಿಸಬಹುದು. ಎದುರಾಳಿಯ ಕತ್ತಿಯನ್ನು ಮುಚ್ಚು, ಅಂದರೆ ನಿನ್ನ ಕತ್ತಿಯಿಂದ ಅದರ ದಾರಿ ಕಟ್ಟು. ಅವನು ಬಿಡಿಸಿಕೊಂಡರೆ ಅದೇ ಗಳಿಗೆಯಲ್ಲಿ ಚುಚ್ಚು. ಬಿಡಿಸಿಕೊಂಡಂತೆ ನಟಿಸಿದರೆ? ಅದು ಮುಂದಿನ ಪಾಠ.

ತಲೆನೋವು ಇರುವುದು ಈ ಬಿಡಿಸಿಕೊಳ್ಳುವುದರಲ್ಲೇ. ಇಟಲಿಯವರು ಇದನ್ನು ಕವಾತ್ಸಿಯೋನೆ ಎನ್ನುತ್ತಾರೆ: ಕತ್ತಿಯ ತುದಿಯನ್ನು ಎದುರಾಳಿಯ ಹಿಡಿಯ ಕೆಳಗಿಂದ ನುಸುಳಿಸಿ ಆಚೆ ಬದಿಗೆ ತರುವುದು. ನಾನು ಒಳಬದಿಯಿಂದ, ಅಂದರೆ ಎದೆಯ ಕಡೆಯಿಂದ, ಅವನ ಕತ್ತಿ ಮುಚ್ಚಿದ್ದೇನೆ, ಅವನು ಹೊರಬದಿಗೆ ನುಸುಳುತ್ತಾನೆ, ನಾನು ಅಂಗೈ ಕೆಳಗೆ ಮಾಡಿ (ಕೈಯ ಈ ಭಂಗಿಗೆ ಸೆಕೊಂಡಾ ಎನ್ನುತ್ತಾರೆ) ಇರಿಯುತ್ತೇನೆ. ಕಾಗದದ ಮೇಲೆ ಸಲೀಸು. ಆದರೆ ಏಟು ತಿನ್ನಬೇಕಾದವನಿಗೆ ಏಟು ಬರುವುದು ಮೊದಲೇ ಗೊತ್ತಲ್ವಾ? ಅವನು ನಿಂತಲ್ಲೇ ನಿಂತು, ಸಾಂಬಾರು ತಿರುವಿದ ಹಾಗೆ, ತುದಿಯನ್ನು ಸುಮ್ನೆ ಒಂದು ಸುತ್ತು ತಿರುಗಿಸುತ್ತಾನೆ. ಮುಂದೆ ಬರುವುದೇ ಇಲ್ಲ. ಇರಿಯುವವನಿಗೆ ಗುರಿ ಸಿಗುತ್ತದೆ, ಯಾವ ಗಳಿಗೆಯಲ್ಲಿ ಇರಿಯಬೇಕೆಂಬ ಅಂದಾಜು ಬರುವುದಿಲ್ಲ. ಆಮೇಲೆ ನಿಜವಾದ ಆಟಕ್ಕೆ ಇಳಿದರೆ ಇಬ್ಬರೂ ಒಟ್ಟಿಗೆ ಚುಚ್ಚಿಕೊಳ್ಳುತ್ತಾರೆ.

ನಾನು ಕಂಡುಕೊಂಡ ಉಪಾಯ ಇದು. ನುಸುಳುವವನಿಗೆ ಒಂದೇ ಮಾತು ಹೇಳುತ್ತೇನೆ: 'ಅವನು ತಡ ಮಾಡಿದರೆ ಎದೆಗೆ ಇರಿದುಬಿಡು, ಕರುಣೆ ಬೇಡ.' ಅಷ್ಟಕ್ಕೇ ಅವನ ತೋಳು ಚಾಚಿಕೊಳ್ಳುತ್ತದೆ, ಕಾಲು ಮುಂದೆ ಬರುತ್ತದೆ. ಅದು ರೂಢಿಯಾದ ಮೇಲೆ, ಬರುವುದೋ ಬಿಡುವುದೋ ಅವನಿಗೇ ಬಿಡುತ್ತೇನೆ. ಬಂದರೆ ಚುಚ್ಚು, ಬರದಿದ್ದರೆ ಮತ್ತೆ ಮುಚ್ಚು. ಈ ಆಯ್ಕೆಗೆ ಜಿಗಾಂಟಿಯ ಕ್ರಮ ತಾನಾಗಿಯೇ ಜಾಗ ಕೊಡುತ್ತದೆ.

ಸಿಯೆನಾದಲ್ಲಿ ಜರ್ಮನ್ ವಿದ್ಯಾರ್ಥಿಗಳಿಗೆ ಗುರುವಾಗಿದ್ದ ಕಾಪೋ ಫೆರ್ರೋನ 1610ರ ಪುಸ್ತಕದಲ್ಲಿ ಲಂಜ್‌ನ, ಅಂದರೆ ಮುಂಗಾಲು ಚಾಚಿ ಇರಿಯುವ ಭಂಗಿಯ, ಚಿತ್ರವೊಂದಿದೆ. ಮುಂದೆ ಚಾಚುವ ಮೊದಲಿನ ಪಾದ, ಆಮೇಲಿನ ಪಾದ, ತೋಳು, ಎಲ್ಲಕ್ಕೂ ಅಕ್ಷರ ಹಾಕಿದ್ದಾನೆ. ಅದನ್ನು ಈಗಲೂ ಗೋಡೆಗೆ ಅಂಟಿಸಿ ತೋರಿಸುತ್ತೇನೆ. ಆದರೆ ಅವನ ಪಾಠಗಳಲ್ಲಿ ಸೋತವನು ಜಾಣನಾಗಿದ್ದರೆ ಹೀಗೆ ಮಾಡುತ್ತಿದ್ದ, ಹಾಗೆ ಮಾಡುತ್ತಿದ್ದ ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತಾನೆ. ಪಳಗಿದವರಿಗೆ ಹಬ್ಬ, ಹೊಸಬರಿಗೆ ಗೊಂದಲ.

ಫಾಬ್ರಿಸ್ ಪಡುವಾದವನು, ಪುಸ್ತಕ ಬಂದದ್ದು 1606ರಲ್ಲಿ ಕೋಪನ್‌ಹೇಗನ್‌ನಲ್ಲಿ, ಡೆನ್ಮಾರ್ಕ್ ರಾಜನ ಆಶ್ರಯದಲ್ಲಿ. ಮೂವರಲ್ಲಿ ಅತಿ ಆಳಕ್ಕೆ ಹೋದವನು ಇವನೇ. ಆದರೆ ಸೊಂಟ ಬಗ್ಗಿಸಿ ಮುಂದಕ್ಕೆ ವಾಲುವ ಅವನ ನಿಲುವು, ವಾರವಿಡೀ ಕುರ್ಚಿಯಲ್ಲಿ ಕೂತು ಬರುವವರ ಬೆನ್ನು ಹಿಡಿಸುತ್ತದೆ.

ಖರ್ಚಿನ ಲೆಕ್ಕದಲ್ಲೂ ಜಿಗಾಂಟಿಯೇ ನನಗೆ ಸರಿ. ಮೂರರ ಮೂಲ ಪ್ರತಿಗಳೂ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ, ದುಡ್ಡು ಹೋಗುವುದು ಸಾಮಾನಿಗೆ. ಒಂಟಿ ಕತ್ತಿಯ ಪಾಠಗಳಿಗೆ ಮೊಂಡು ಕತ್ತಿ, ತುದಿಗೆ ರಬ್ಬರ್, ಮಾಸ್ಕ್, ಕುತ್ತಿಗೆಪಟ್ಟಿ, ಕೈಗವಸು, ದಪ್ಪ ಜಾಕೆಟ್ ಇದ್ದರೆ ಶುರು ಮಾಡಬಹುದು. ಬಾಕು ಕೊಳ್ಳುವ ವಿಚಾರ ಆಮೇಲೆ.