ಓಪನ್ ಡೇ, ಚಿತ್ರಸಂತೆ, ಪ್ರೈಡ್: ಬೆಂಗಳೂರಿನಲ್ಲಿ ಯಾವುದಕ್ಕೆ ಹೋಗಲಿ?

ಖರ್ಚಿನ ಚಿಂತೆ ಬಿಡಿ, ಮೂರಕ್ಕೂ ಟಿಕೆಟ್ ಇಲ್ಲ. ಆದರೆ ಕಲಾವಿದರು ರಸ್ತೆಯಲ್ಲೇ ಚಿತ್ರಕಲೆ ಮಾರುವ ಜನವರಿಯ ಚಿತ್ರಸಂತೆಯಲ್ಲಿ ಕೈ ಬಿಗಿ ಹಿಡಿಯುವುದು ಕಷ್ಟ. ಇಷ್ಟವಾದ ಚಿತ್ರ ಬಿಟ್ಟು ಬರೋಕೆ ಮನಸ್ಸಾಗುವುದಿಲ್ಲ, ಅಲ್ವಾ?

ಮಕ್ಕಳಿದ್ದರೆ ಐಐಎಸ್‌ಸಿಯ (ಭಾರತೀಯ ವಿಜ್ಞಾನ ಸಂಸ್ಥೆ) ಓಪನ್ ಡೇ ಒಳ್ಳೆಯದು, ಅಂದು ಪ್ರಯೋಗಾಲಯಗಳು ಜನರಿಗೆ ತೆರೆದಿರುತ್ತವೆ. ಅತಿ ತಣ್ಣನೆಯ ದ್ರವ ಸಾರಜನಕದಲ್ಲಿ ಅದ್ದಿದ ಹೂವು ಕೈಯಲ್ಲಿ ಗಾಜಿನಂತೆ ಪುಡಿಯಾಗುತ್ತದೆ. ಅದನ್ನು ಕಂಡ ಮಗು ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತದೆ. ಆದರೆ ಕ್ಯಾಂಪಸ್ ಸುಮಾರು 400 ಎಕರೆ, ಓಡಾಟ ಜಾಸ್ತಿ. ಮಂಡಿನೋವಿರುವ ಅಜ್ಜಿ ಜೊತೆಗಿದ್ದರೆ ಚಿತ್ರಸಂತೆಯೇ ವಾಸಿ. ಕುಮಾರಕೃಪಾ ರಸ್ತೆಯಲ್ಲಿ ಬೆಳಿಗ್ಗೆ ಬೇಗ ಒಂದು ಸುತ್ತು ಹಾಕಿದರೆ ಸಾಕು. ಮಧ್ಯಾಹ್ನ ಕಾಲಿಡೋಕೂ ಜಾಗ ಇರುವುದಿಲ್ಲ.

ಸಲಿಂಗಿಗಳು, ಲಿಂಗತ್ವ ಅಲ್ಪಸಂಖ್ಯಾತರು ತಮ್ಮ ಹಕ್ಕುಗಳಿಗಾಗಿ ನಡೆಸುವ ಪ್ರೈಡ್ ಮೆರವಣಿಗೆ 2008ರಿಂದ ನಡೆಯುತ್ತಿದೆ. ಸುಮ್ನೆ ನೋಡಲು ಹೋಗಬೇಡಿ, ಜೊತೆಗೆ ನಡೆಯುವ ಮನಸ್ಸಿದ್ದರೆ ಹೋಗಿ. ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ. ಅಲ್ಲಿಗೆ ಬಂದ ಕೆಲವರ ಮನೆಯಲ್ಲಿ ಇನ್ನೂ ವಿಷಯ ಗೊತ್ತಿರುವುದಿಲ್ಲ.