ಮೂರು, ನಾಲ್ಕು, ಏಳು ಇಂಚು: ಮಲೆನಾಡಿನ ತಿರುಗಾಟಕ್ಕೆ ಯಾವ ಚಾಕು?

ಆಗುಂಬೆಯ ಸಮೀಪದ ಬಂಧುಗಳ ಅಡಿಕೆ ತೋಟದಲ್ಲಿ ಎರಡು ಮಳೆಗಾಲ ಉಳಿದಿದ್ದಾಗ, ಮಡಚಲು ಬಾರದ ಮೂರು ಚಾಕುಗಳನ್ನು ಒಂದೇ ಬಗೆಯ ಕೆಲಸಗಳಿಗೆ ಹಚ್ಚಿ ನೋಡಿದೆ. ಅವುಗಳ ಅಲಗಿನ ಉದ್ದ ಕ್ರಮವಾಗಿ 3, 4 ಮತ್ತು 7 ಇಂಚು.

ಮೊದಲು ಕೊಂಡದ್ದು ಏಳು ಇಂಚಿನದು, ಏಕೆಂದರೆ ಕಾಡೆಂದರೆ ದೊಡ್ಡ ಚಾಕು ಬೇಕೆಂಬ ಭ್ರಮೆ ನನಗೂ ಇತ್ತು. ಅದು ಹೆಬ್ಬೆರಳು ದಪ್ಪದ ವಾಟೆ ಬಿದಿರನ್ನು ಮೂರು ಏಟಿಗೆ ಕಡಿಯಿತು. ತೋಟದ ಕೆಲಸದವರು ಸೊಂಟದ ಕೊಕ್ಕೆಯಿಂದ ತೆಗೆದ ಕತ್ತಿ ಅದನ್ನು ಒಂದೇ ಏಟಿಗೆ ಉರುಳಿಸಿತು. ಕತ್ತಿಯ ಭಾರ ತುದಿಯ ಕಡೆಗಿದ್ದು, ಬಾಗಿದ ತುದಿಯು ಕೊಂಬೆಯನ್ನು ಜಾರಗೊಡದೆ ಹಿಡಿಯುತ್ತದೆ. ನನ್ನ ಚಾಕುವಿನ ಭಾರವೆಲ್ಲ ಹಿಡಿಯ ಬಳಿಯೇ ಇತ್ತು. ಅಡುಗೆಗೆ ಕುಳಿತರೆ ಅದರ ದಪ್ಪ ಬೆನ್ನು ಈರುಳ್ಳಿಯನ್ನು ಹೆಚ್ಚುವ ಬದಲು ಸೀಳುತ್ತಿತ್ತು.

ಮೂರು ಇಂಚಿನದು ಹಗ್ಗ ಕೊಯ್ಯಲು, ಹಣ್ಣು ಹೆಚ್ಚಲು ಹಿತವಾಗಿದೆ. ಆದರೆ ಅದರ ಹಿಡಿಯೂ ಗಿಡ್ಡವಾದ್ದರಿಂದ ಮೂರು ಬೆರಳಷ್ಟೇ ಕೂರುತ್ತವೆ, ಮಳೆಯಲ್ಲಿ ನೆನೆದ ಕೈಗೆ ಇದು ಅಪಾಯ.

ನಾಲ್ಕು ಇಂಚಿನದು ಸ್ವೀಡನ್ನಿನ ಮೋರಾ ಕಂಪ್ಯಾನಿಯನ್. ಅಲಗು 104 ಮಿಲಿಮೀಟರ್ ಉದ್ದ, ಬೆನ್ನು 2.5 ಮಿಲಿಮೀಟರ್ ದಪ್ಪ. ನಿಜವಾದ ಪರೀಕ್ಷೆ ನಡೆದದ್ದು ಒಲೆ ಹೊತ್ತಿಸುವಾಗ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ಸೌದೆಯ ಹೊರಮೈ ಎಂದೂ ಒದ್ದೆಯೇ, ಒಣ ಭಾಗ ಸಿಗುವುದು ಸೀಳಿದಾಗ ಮಾತ್ರ. ಅಲಗನ್ನು ಕೊರಡಿನ ತಲೆಯ ಮೇಲಿಟ್ಟು ಬೆನ್ನಿಗೆ ಇನ್ನೊಂದು ಕೋಲಿನಿಂದ ತಟ್ಟುತ್ತಾ ಹೋಗುವಾಗ, ಅಲಗು ಮರದೊಳಗೆ ಹುದುಗಿದ ಮೇಲೂ ಏಟು ಬೀಳಲು ಅದರ ತುದಿ ಒಂದು ಇಂಚಾದರೂ ಆಚೆ ಚಾಚಿರಬೇಕು. ಹಾಗಾಗಿ ನಾಲ್ಕು ಇಂಚಿನ ಅಲಗು ಮೂರು ಇಂಚು ದಪ್ಪದವರೆಗಿನ ಕೊರಡಿಗೆ ಸಾಲುತ್ತದೆ, ಚಹಾ ಕಾಯಿಸಲು ಅದಕ್ಕಿಂತ ದಪ್ಪದ್ದು ಬೇಕಾಗುವುದೂ ಇಲ್ಲ. ಮೋರಾದ ಉಕ್ಕು ಹಿಡಿಯ ಕೊನೆಯವರೆಗೆ ಹಾಯ್ದಿಲ್ಲವಾದ್ದರಿಂದ ಗಂಟುಮರಕ್ಕೆ ಮಾತ್ರ ಅದನ್ನು ಹಾಕುವುದಿಲ್ಲ.

ಉಕ್ಕಿನ ಜಾತಿಯೂ ಅಳತೆಯಷ್ಟೇ ಮುಖ್ಯವೆಂದು ತಿಳಿದದ್ದು ಮೂರು ಇಂಚಿನದರಿಂದ. ಅದು ಕಾರ್ಬನ್ ಉಕ್ಕಿನದು. ಚರ್ಮದ ಒರೆಯಲ್ಲಿ ಒಂದು ರಾತ್ರಿ ಬಿಟ್ಟದ್ದಕ್ಕೆ ಬೆಳಗ್ಗೆ ಕೆಂಪು ಚುಕ್ಕೆ ಎದ್ದಿತ್ತು, ಬಾಳೆಯ ಕರೆ ತಗುಲಿ ಉಳಿದ ಭಾಗ ಕಪ್ಪಾಯಿತು. ತುಕ್ಕು ಹಿಡಿಯದ ಉಕ್ಕಿನ ಮೋರಾಕ್ಕೆ ಪ್ಲಾಸ್ಟಿಕ್ ಒರೆಯೇ ಇದೆ, ಒರೆಸಿಟ್ಟರೆ ಸಾಕು.

ಇದೆಲ್ಲ ಖಾಸಗಿ ತೋಟದ ಮಾತು. ಕೊಡಚಾದ್ರಿಯು ಮೂಕಾಂಬಿಕಾ ವನ್ಯಜೀವಿಧಾಮಕ್ಕೆ ಸೇರಿದ್ದು, ಲಿಖಿತ ಅನುಮತಿಯಿಲ್ಲದೆ ಆಯುಧದೊಡನೆ ಅಭಯಾರಣ್ಯ ಪ್ರವೇಶಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಅಲ್ಲಿಗೆ ಹೋಗುವಾಗ ನಾನು ಮೂರನ್ನೂ ಮನೆಯಲ್ಲೇ ಬಿಡುತ್ತೇನೆ.

ಕತ್ತಿ ಕೈಗೆಟಕುವ ಊರಿನಲ್ಲಿ ನಾಲ್ಕು ಇಂಚಿಗಿಂತ ದೊಡ್ಡದನ್ನು ಚೀಲಕ್ಕೆ ಹಾಕಲು ನನಗೆ ಕಾರಣ ಕಾಣುವುದಿಲ್ಲ. ಏಳು ಇಂಚಿನದು ಈಗ ಬಚ್ಚಲೊಲೆಯ ಪಕ್ಕದಲ್ಲಿದ್ದು, ಒಣಗಿದ ಸೋಗೆಯ ದಂಟನ್ನು ಸೀಳಿಕೊಡುತ್ತಿದೆ.